ಡಬ್ಬ ಕೆಳಗಿಡದ ತಾತ

ಆ ದಿನ ನಮ್ಮ ಬೀದಿಗೆ ನೀರು ಬಿಡುವ ದಿನ. ಚಳ್ಳಕೆರೆಯಲ್ಲಿ ಆಗ ಐದು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಿಂದಿನ ಸಂಜೆಯೇ ಕೊಡಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗಿ ಅಂಗಳದಲ್ಲಿ ಬೋರಲು ಹಾಕಿದ್ದೆ. ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ, ನಮ್ಮವರ ಊಟದ ಕ್ಯಾರಿಯರ್‌ಗೆ ಚಪಾತಿ ಲಟ್ಟಿಸಿದೆ, ಮಗಳಿಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದೆ. ಆಮೇಲೆ ನಲ್ಲಿಯ ಕೆಳಗೆ ಮೊದಲ ಕೊಡ ಇಟ್ಟು ಕಾಯುತ್ತಾ ನಿಂತೆ. ನೀರು ಬರುವ ಮುಂಚೆ ನಲ್ಲಿ ಒಂದೆರಡು ಸಲ ಉಸಿರು ಬಿಡುತ್ತದೆ. ಆ ಸದ್ದಾದ ಕೂಡಲೇ ಪಕ್ಕದ ಮನೆಯ ಗೋಡೆಗೆ ಟಣ್ ಟಣ್ ಎಂದು ತಗಡಿನ ಡಬ್ಬ ಬಡಿದ ಸದ್ದೂ ಆಗಬೇಕು. ತಾತ ಎದ್ದಿದ್ದಾರೆ, ಮೊದಲ ಡಬ್ಬ ನೀರು ಅವರದು ಎಂದು ಅದರ ಅರ್ಥ. ಹತ್ತು ವರ್ಷಗಳಿಂದ ಹಾಗೇ ನಡೆದುಕೊಂಡು ಬಂದಿತ್ತು.

ಅಂದು ನಲ್ಲಿ ಉಸಿರು ಬಿಟ್ಟಿತು. ನೀರೂ ಬಂತು. ಕೊಡ ತುಂಬಿ ಹೊರಗೆ ಚೆಲ್ಲತೊಡಗಿತು. ಗೋಡೆ ಮಾತ್ರ ಸುಮ್ಮನಿತ್ತು.

ತಾತನ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಬೀದಿಯಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಎದುರುಮನೆಯ ಓಬಕ್ಕನ ಬಾಯಲ್ಲಿ ಮನುಷ್ಯರಿಗೆಲ್ಲ ಊರಿನ ಹೆಸರೇ. ಮಂಗಳೂರಿನಿಂದ ಮದುವೆಯಾಗಿ ಬಂದ ನಾನು ಮಂಗ್ಳೂರಮ್ಮ, ಹಾಲು ಹಾಕುವವನು ಬಿ.ಜಿ. ಕೆರೆ, ಅವರು ಮೊಳಕಾಲ್ಮುರು ತಾತ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಹುಟ್ಟಿ, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವುದು ಬೇಡವೆಂದು ಹದಿನೆಂಟನೇ ವಯಸ್ಸಿಗೆ ಮನೆ ಬಿಟ್ಟವರು. ಬಿಟ್ಟವರು ಎಲ್ಲಿಗೆ ಹೋದರು ಎಂಬುದು ನನಗೆ ಮೊದಲು ಗೊತ್ತಾದದ್ದು ಮೂಗಿನಿಂದ.

ಚಳ್ಳಕೆರೆಯ ಗಾಳಿಯಲ್ಲಿ ಯಾವಾಗಲೂ ಶೇಂಗಾ ಎಣ್ಣೆಯ ವಾಸನೆ ಇರುತ್ತಿತ್ತು. ನಮ್ಮವರು ಎಣ್ಣೆ ಗಿರಣಿಯೊಂದರ ಆಫೀಸಿನಲ್ಲಿದ್ದರು. ಅವರ ಅಂಗಿ, ನಮ್ಮ ದಿಂಬು, ಮಗಳ ಪುಸ್ತಕ ಎಲ್ಲಕ್ಕೂ ಅದೇ ವಾಸನೆ. ನಾನು ಬಂದ ವರ್ಷ, ಆಷಾಢದ ಗಾಳಿಯಲ್ಲಿ ಒಂದು ದಿನ ದುಪ್ಪಟಿ ಒಣಗಿಸುತ್ತಿದ್ದೆ. ನಾಲ್ಕೂ ಮೂಲೆಗೆ ಬಿಗಿಯಾಗಿ ಕ್ಲಿಪ್ಪು ಹಾಕಿದ್ದೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರ್ ಕಲಿಸಿದ್ದು ಹಾಗೆ. ಗೋಡೆಯಾಚೆಯಿಂದ ಒಂದು ಧ್ವನಿ ಬಂತು.

"ಅಮ್ಮಾಯಿ, ಕೆಳಗಿನ ಎಲ್ಡು ಮೂಲೆ ಸಡಿಲ ಬಿಡು. ಗಾಳಿಗೆ ಹೋಗಾಕೆ ದಾರಿ ಕೊಡದಿದ್ರೆ ಅದೇ ಹರ್ಕೊಂಡು ಹೋಗ್ತೈತೆ."

ನಾನು ನಕ್ಕು ಒಳಗೆ ಹೋದೆ. ಮಧ್ಯಾಹ್ನ ನೋಡಿದರೆ ಹೊಸ ದುಪ್ಪಟಿ ಒಂದು ಅಂಚಿನಿಂದ ಗೇಣುದ್ದ ಸೀಳಿತ್ತು. ಸಂಜೆ ಅವರೇ ಬಂದು ಕೈ ಚಾಚಿದರು, ಹೊಲಿದುಕೊಡುತ್ತೇನೆ ಎಂದು. ಅವರು ಹತ್ತಿರ ಬಂದಾಗ ಆ ವಾಸನೆ ಬಂತು. ಹಳೆಯ ಮೀನೆಣ್ಣೆ, ರಾಳ, ನೆನೆದ ಹಗ್ಗ. ನಮ್ಮೂರ ಬಂದರಿನ ವಾಸನೆ. ಸಮುದ್ರದಿಂದ ಇಷ್ಟು ದೂರ, ಜಾಲಿ ಮತ್ತು ಬಂಡೆಗಳ ಈ ಊರಿನಲ್ಲಿ ಆ ವಾಸನೆ ಬಂದದ್ದಕ್ಕೆ ನನ್ನ ಕಣ್ಣು ತುಂಬಿತು. ನೀವು ಬಂದರಿನಲ್ಲಿ ಇದ್ದಿರಾ ಎಂದು ಕೇಳಿದೆ. ಅವರು ಹೌದೆಂದು ತಲೆಯಾಡಿಸಿದರು. ಅಲ್ಲಿಂದ ಬಂದಾಗಿನಿಂದ ಯಾರೂ ತಮಗೆ ಆ ಪ್ರಶ್ನೆ ಕೇಳಿರಲಿಲ್ಲ ಎಂದು ಆಮೇಲೆ ಹೇಳಿದರು.

ಅವರು ಒಂದು ಮಂಜಿಯಲ್ಲಿ ಇದ್ದವರು. ಸರಕು ಸಾಗಿಸುವ ದೊಡ್ಡ ಮರದ ಹಾಯಿಹಡಗಿಗೆ ನಮ್ಮ ಕಡೆ ಮಂಜಿ ಎನ್ನುತ್ತಾರೆ. ಹೆಬ್ಬಲಸಿನ ಹಲಗೆ, ಎರಡು ಕಂಬ, ಅದಕ್ಕೆ ತಕ್ಕ ಹತ್ತಿ ಬಟ್ಟೆಯ ಹಾಯಿ. ಹಂಚು ತುಂಬಿಕೊಂಡು ಹೋಗುವುದು, ಉಪ್ಪು ಖರ್ಜೂರ ಕೊಬ್ಬರಿ ತುಂಬಿಕೊಂಡು ಬರುವುದು. ಮಳೆಗಾಲದಲ್ಲಿ ಅದನ್ನು ದಡಕ್ಕೆಳೆದು ಮೇಲೆ ತೆಂಗಿನ ಗರಿಯ ಚಪ್ಪರ ಹಾಕುತ್ತಿದ್ದರಂತೆ. ಆ ನಾಲ್ಕು ತಿಂಗಳು ತಾತ ಚಪ್ಪರದ ಕೆಳಗೆ ಕೂತು ಹಾಯಿಗಳ ಹರಕು ಹೊಲಿಯುವುದು, ಉಳಿದವರು ಹಲಗೆಗಳ ಸಂದಿಗೆ ಹತ್ತಿ ತುಂಬಿ ರಾಳ ಬಳಿಯುವುದು. ನೂಲಿನ ಮನೆಯಲ್ಲಿ ಹುಟ್ಟಿದ್ದರಿಂದ ಹಾಯಿ ಹೊಲಿಯುವ ಕೆಲಸ ಅವರಿಗೆ ಬಲು ಬೇಗ ಹತ್ತಿತು. ಯಾವ ಬಟ್ಟೆ ಕೊಟ್ಟರೂ ತುಟಿಗೆ ಹಿಡಿದು ಊದುತ್ತಿದ್ದರು. ಉಸಿರು ಎಷ್ಟು ದಾಟಿತು ಎಂದು ನೋಡಿ ಬಟ್ಟೆಯ ಗುಣ ಹೇಳುವರು. ನನ್ನ ಮದುವೆಯ ಸೀರೆಯನ್ನೂ ಒಮ್ಮೆ ಹಾಗೆ ಊದಿ, ಪಾಸು ಎಂದು ತಲೆಯಾಡಿಸಿದ್ದರು.

ನನ್ನ ಹೊಲಿಗೆ ಮಾತ್ರ ಪಾಸಾಗಲಿಲ್ಲ. ಕಾನ್ವೆಂಟಿನಲ್ಲಿ ನನಗೆ ಸೂಜಿ ಕೆಲಸಕ್ಕೆ ಬಹುಮಾನ ಬಂದಿತ್ತು. ಆ ಕರವಸ್ತ್ರ ತಂದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ಇದು ನೋಡೋ ಹೊಲಿಗೆ ಕಣಮ್ಮಾ, ಹಿಡಿಯೋ ಹೊಲಿಗೆ ಅಲ್ಲ ಎಂದರು. ದಬ್ಬಳದಲ್ಲಿ ದಪ್ಪ ದಾರ ಪೋಣಿಸಿ, ಪ್ರತಿ ಹೊಲಿಗೆಗೂ ಹಿಂದಿನದನ್ನು ಒಂದು ಸುತ್ತು ತಬ್ಬಿಕೊಂಡು ಮುಂದೆ ಹೋಗುವ ಅವರ ಹಾಯಿಯ ಹೊಲಿಗೆಯನ್ನು ನನಗೆ ಕಲಿಸಿದರು. ಒಂದು ಕಿತ್ತರೂ ಪಕ್ಕದ್ದು ಬಿಡುವುದಿಲ್ಲ. ಮಗಳ ಮೊದಲ ಶಾಲೆಯ ಚೀಲವನ್ನು ಹಾಗೆ ಹೊಲಿದೆ. ಚೀಲದ ಬಟ್ಟೆ ಜಾಳಾಗಿ ಹೋಗಿದೆ, ಹೊಲಿಗೆ ಇನ್ನೂ ಗಟ್ಟಿ.

ಹಡಗಿಗೆ ಎಂಜಿನ್ ಬಂದ ಕಾಲಕ್ಕೆ ಅವರ ಮಂಜಿಯ ಸಾಹುಕಾರರು ಬೇರೆ ಎಂಜಿನ್ ಬೋಟು ತಂದರು. ಹಳೆಯದನ್ನು ಅಳಿವೆಯ ಆಚೆ ದಂಡೆಯ ಕೆಸರಿನಲ್ಲಿ ನಿಲ್ಲಿಸಿ, ಲಂಗರು, ಸರಪಳಿ, ಕಂಬಗಳನ್ನು ಕಿತ್ತು ಮಾರಿದರು. ಹಾಯಿಗಳನ್ನು ಕತ್ತರಿಸಿ ಲಾರಿಗೆ ಹೊದಿಸುವ ಟಾರ್ಪಾಲು ಮಾಡಿಕೊಡು ಎಂದು ತಾತನಿಗೆ ಹೇಳಿದರು. ತಾವೇ ಹೊಲಿದ ಹಾಯಿಯನ್ನು ತಾವೇ ಕತ್ತರಿಸಿ ಮತ್ತೆ ಹೊಲಿದುಕೊಟ್ಟರು. ಆ ಟಾರ್ಪಾಲು ಹೊದ್ದ ಒಂದು ಲಾರಿ ಶೇಂಗಾ ಎಣ್ಣೆ ತುಂಬಲು ಚಳ್ಳಕೆರೆಗೆ ಹೊರಟಾಗ ತಾತನೂ ಅದರಲ್ಲಿ ಹತ್ತಿ ಬಂದುಬಿಟ್ಟರು. ಇಲ್ಲಿ ಗಿರಣಿಗಳ ಮುಂದೆ ನಿಲ್ಲುವ ಲಾರಿಗಳ ಟಾರ್ಪಾಲು ಹೊಲಿಯುತ್ತಾ ಉಳಿದರು. ಹಡಗಿನಿಂದ ಅವರು ತಂದದ್ದು ಎರಡೇ ವಸ್ತು. ಆಳುದ್ದದ ಒಂದು ಹೆಬ್ಬಲಸಿನ ಹಲಗೆ, ಸೀಮೆಎಣ್ಣೆ ಟಿನ್ನನ್ನು ಅರ್ಧಕ್ಕೆ ಕತ್ತರಿಸಿ ಮರದ ಹಿಡಿ ಹಾಕಿದ ಒಂದು ಡಬ್ಬ.

ಹಲಗೆ ಅವರ ಬಾಗಿಲ ಮುಂದೆ ಎರಡು ಕಲ್ಲಿನ ಮೇಲೆ ಮಲಗಿತ್ತು. ನೀರು ಬಂದ ದಿನ ಮೊದಲ ಡಬ್ಬ ನೀರು ಅದಕ್ಕೆ. ಬೇಸಿಗೆಯಲ್ಲಿ ಕುಡಿಯುವುದಕ್ಕೇ ತತ್ವಾರವಾದಾಗಲೂ ಅದಕ್ಕೆ ತಪ್ಪುತ್ತಿರಲಿಲ್ಲ. ಓಬಕ್ಕ ಜಗಲಿಯಿಂದಲೇ ರೇಗುವಳು, ಕಟ್ಟಿಗೆಗೆ ನೀರು ಹಾಕಿದ್ರೆ ಚಿಗುರ್ತೈತಾ ತಾತ ಎಂದು. ಹಡಗು ನೀರಿಗೆ ಹೆದರಲ್ಲವ್ವ, ಬಿಸಿಲಿಗೆ ಹೆದರ್ತೈತೆ, ಒಣಗಿದ್ರೆ ಸಂದು ಬಿಡ್ತೈತೆ ಎಂದು ಅವರು ಗೊಣಗುವರು. ಹಡಗು ಎಲ್ಲಿದೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ.

ಡಬ್ಬದ ವಿಷಯ ಇನ್ನೂ ವಿಚಿತ್ರ. ಅದನ್ನು ಅವರು ಎಂದೂ ನೆಲದ ಮೇಲೆ ಇಟ್ಟವರಲ್ಲ. ಕೈಯಲ್ಲಿರಬೇಕು, ಇಲ್ಲವೆ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗಬೇಕು. ಬೀಡಿ ಹಚ್ಚುವಾಗ ಎರಡು ಕೈ ಬೇಕಾದರೆ ಯಾರ ಕೈಗಾದರೂ ಕೊಡುತ್ತಿದ್ದರು. ಕೊಡುವಾಗ ನಾವು ಹಿಡಿಯನ್ನು ಸರಿಯಾಗಿ ಹಿಡಿದ ಮೇಲೇ ಅವರು ಬಿಡುವುದು. ಕೆಳಗಿಟ್ಟರೆ ಭೂಮಿ ಮುಳುಗುತ್ತಾ ಎಂದು ಓಬಕ್ಕ ಒಮ್ಮೆ ಕೆಣಕಿದಳು.

"ಮುಳುಗೋದು ಭೂಮಿ ಅಲ್ಲವ್ವ," ಎಂದರು ತಾತ. ಅವರ ಮುಖದಲ್ಲಿ ನಗು ಇರಲಿಲ್ಲ.

ಅದು ಹಡಗಿನ ಕಟ್ಟಳೆ ಎಂದು ನನಗೆ ಒಬ್ಬಳಿಗೇ ಹೇಳಿದರು. ಮರದ ಹಡಗು ಎಷ್ಟು ರಾಳ ಬಳಿದರೂ ಸಂದಿಗಳಿಂದ ನೀರು ಕುಡಿಯುತ್ತಲೇ ಇರುತ್ತದೆ. ತಳದಲ್ಲಿ ಒಬ್ಬ ಕೂತು ಅದನ್ನು ಈ ಡಬ್ಬದಲ್ಲಿ ಎತ್ತಿ ಹೊರಗೆ ಚೆಲ್ಲುತ್ತಲೇ ಇರಬೇಕು. ಪಾಳಿಯ ಮೇಲೆ ಮಾಡುವ ಕೆಲಸ. ಒಬ್ಬನ ಪಾಳಿ ಮುಗಿದರೆ ಡಬ್ಬವನ್ನು ಕೆಳಗಿಟ್ಟು ಏಳುವಂತಿಲ್ಲ. ಮುಂದಿನವನು ಬಂದು ಕೈಯಿಂದ ಕೈಗೆ ಈಸಿಕೊಳ್ಳಬೇಕು. ಈಸಿಕೊಳ್ಳುವವನು ಬಾರದಿದ್ದರೆ ಡಬ್ಬ ಹಿಡಿದವನ ಪಾಳಿ ಮುಗಿದಂತಲ್ಲ. ನನಗೆ ಇದೆಲ್ಲ ಚೆಂದದ ಕತೆಯಂತೆ ಕೇಳಿಸುತ್ತಿತ್ತು.

ಹಾಗೆ ಕೇಳಿದ್ದರಿಂದಲೇ ನಾನೂ ನನ್ನ ಕತೆ ಹೇಳಿಬಿಟ್ಟೆ. ಅದನ್ನು ಹೇಳಬಾರದಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಿಸ್ಟರ್ ನಮ್ಮನ್ನು ಬಂದರು ನೋಡಲು ಕರೆದುಕೊಂಡು ಹೋಗಿದ್ದರು. ದೋಣಿಯಲ್ಲಿ ಅಳಿವೆ ದಾಟುವಾಗ ಆಚೆ ದಂಡೆಯ ಕೆಸರಿನಲ್ಲಿ ಕಂಬವಿಲ್ಲದ ಒಂದು ದೊಡ್ಡ ಮಂಜಿ ಪಕ್ಕಕ್ಕೆ ವಾಲಿಕೊಂಡಿತ್ತು. ಹಿಂಭಾಗದ ಹಲಗೆಯ ಮೇಲೆ ನೀಲಿ ಬಣ್ಣದ ಎರಡು ಮೀನುಗಳ ಚಿತ್ರ. ಅದರೊಳಗೆ ಒಬ್ಬ ಮನುಷ್ಯ ಬಗ್ಗಿ ಬಗ್ಗಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದ. ನಾವು ಹುಡುಗಿಯರೆಲ್ಲ ಕೈ ಬೀಸಿದೆವು. ಅವನು ತಲೆ ಎತ್ತಲಿಲ್ಲ. ದೋಣಿಯವನನ್ನು ಕೇಳಿದರೆ, ಅದರಲ್ಲಿ ಯಾರೂ ಇಲ್ಲ ಮಕ್ಕಳೇ, ಬಿಟ್ಟು ನಾಲ್ಕು ವರ್ಷವಾಯಿತು ಎಂದ. ಇದನ್ನು ನಾನು ತಾತನಿಗೆ ಹೇಳಿದ್ದು, ನಿಮ್ಮ ಹಡಗನ್ನು ನಾನೂ ನೋಡಿದ್ದೇನೋ ಏನೋ ಎಂಬ ಖುಷಿಯಲ್ಲಿ.

ತಾತ ಟಾರ್ಪಾಲು ಹೊಲಿಯುತ್ತಿದ್ದವರು ದಬ್ಬಳವನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಮೀನು ಎರಡೂ ಒಂದೇ ಕಡೆ ಮುಖ ಮಾಡಿದ್ದವಾ ಎಂದು ಕೇಳಿದರು. ಹೌದು ಎಂದೆ.

"ಯಾತರಾಗೆ ಎತ್ತುತಿದ್ದ?"

ಸಣ್ಣ ಸಂಗತಿಗಳು ನನ್ನ ಕಣ್ಣಿಗೆ ಬೇಗ ಬೀಳುತ್ತವೆ, ಬಿದ್ದದ್ದು ಮರೆಯುವುದಿಲ್ಲ. ಅವನ ಕೈಯಲ್ಲಿ ಪಾತ್ರೆ ಇರಲಿಲ್ಲ, ಬೊಗಸೆಯಲ್ಲಿ ಎತ್ತುತ್ತಿದ್ದ ಎಂದೆ.

ಅವರು ಎದ್ದು ಮೊಳೆಯಿಂದ ಡಬ್ಬ ತೆಗೆದುಕೊಂಡರು. ಅದನ್ನು ಎದೆಗೆ ಒತ್ತಿ ಹಿಡಿದು ಹಲಗೆಯ ಮೇಲೆ ಕೂತರು.

ಆಮೇಲೆ ಎಷ್ಟೋ ದಿನ ತುಣುಕು ತುಣುಕಾಗಿ ಹೇಳಿದ್ದನ್ನು ಸೇರಿಸಿದರೆ ಇಷ್ಟು. ಹಡಗಿನಲ್ಲಿಯೂ ಓಬಕ್ಕನ ರೂಢಿಯೇ ಇತ್ತು. ಹೊಸಬರನ್ನು ಊರಿನ ಹೆಸರಿನಿಂದ ಕರೆಯುವುದು. ಒಂದು ವರ್ಷ ರಾಂಪುರದವನೊಬ್ಬ ಕೆಲಸಕ್ಕೆ ಬಂದ. ರಾಂಪುರ ಎಂದರೆ ಮೊಳಕಾಲ್ಮುರಿನಿಂದ ಬಳ್ಳಾರಿಗೆ ಹೋಗುವ ದಾರಿಯ ಊರು, ತಾತನ ಸೀಮೆಯೇ. ಇಬ್ಬರೂ ತೆಲುಗು ಬೆರೆಸಿ ಮಾತಾಡಿಕೊಳ್ಳುತ್ತಿದ್ದರು. ಸಮುದ್ರವೆಂದರೆ ಹೆಂಡತಿ ಹೆದರುತ್ತಾಳೆಂದು ಅವನು ಬಳ್ಳಾರಿಯ ಹತ್ತಿ ಮಿಲ್ಲಿಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದನಂತೆ. ಹಂಚು ತುಂಬಿಕೊಂಡು ಹೋಗುವಾಗ ಗಾಳಿ ಎದ್ದಿತು. ಎರಡು ದಿನ ಯಾರಿಗೂ ನಿದ್ದೆ ಇಲ್ಲ. ಮೂರನೇ ದಿನ ಮಧ್ಯಾಹ್ನ ಗಾಳಿ ತಗ್ಗಿತು. ತಳದಲ್ಲಿ ನೀರು ಎತ್ತುವ ಪಾಳಿ ರಾಂಪುರದವನದು, ಅವನ ನಂತರ ತಾತನದು. ತಾತ ಹಾಯಿಯ ಸುರುಳಿಯ ಮೇಲೆ ಒರಗಿದವರು ನಿದ್ದೆ ಹೋದರು. ಉಳಿದವರೂ ಅಲ್ಲಲ್ಲೇ ಬಿದ್ದುಕೊಂಡಿದ್ದರು. ಎಚ್ಚರವಾದಾಗ ಮರುದಿನದ ಬಿಸಿಲು. ಹಡಗು ತೇಲುತ್ತಿತ್ತು, ತಳದಲ್ಲಿ ನೀರು ಅಂಗೈಯಷ್ಟೂ ಇರಲಿಲ್ಲ. ರಾಂಪುರದವನು ಡಬ್ಬ ಹಿಡಿದು ಕೂತೇ ಇದ್ದ. ತಾತ ಹೋಗಿ ಹಿಡಿಗೆ ಕೈ ಹಾಕಿದರು. ಅವನು ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲಿ ಅವನು ಇರಲಿಲ್ಲ.

"ಬೆರಳು ಒಂದೊಂದೇ ಬಿಡಿಸಿ ಕಿತ್ಕೊಂಡೆ ಅಮ್ಮಾಯಿ. ಅವನು ಕೊಡಲಿಲ್ಲ, ನಾನು ಈಸ್ಕೊಳ್ಳಲಿಲ್ಲ. ಡಬ್ಬ ನನ್ನತ್ರ ಐತೆ, ಪಾಳಿ ಅವನತ್ರ ಐತೆ."

ನಮ್ಮವರಿಗೆ ಹೇಳಿದೆ. ವಯಸ್ಸಾದವರು, ಒಬ್ಬರೇ ಇರುತ್ತಾರೆ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ನೀನೂ ಇಲ್ಲದ್ದು ಹೇಳಬೇಡ ಎಂದರು. ನಾನು ಓಬಕ್ಕನಿಗಾಗಲಿ ಬೇರೆ ಯಾರಿಗಾಗಲಿ ಇದನ್ನು ಹೇಳಲಿಲ್ಲ. ಒಂದು ಭಾನುವಾರ ನಮ್ಮವರೇ, ತಾತನಿಗೂ ಮನಸ್ಸು ಹಗುರಾಗಲಿ ಎಂದು, ಗಿರಣಿಯ ಜೀಪಿನಲ್ಲಿ ಎಲ್ಲರನ್ನೂ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಕರೆದುಕೊಂಡು ಹೋದರು. ಆ ವರ್ಷ ಮಳೆ ಬಂದು ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಕಣ್ಣು ಹಾಯುವಷ್ಟು ದೂರ ಗಾಳಿಗೆ ಮಲಗಿ ಏಳುತ್ತಿತ್ತು. ತಾತ ಡಬ್ಬ ಹಿಡಿದು ಹುಲ್ಲಿನೊಳಗೆ ಸ್ವಲ್ಪ ದೂರ ಹೋದರು. ನಿಂತರು. ಬುತ್ತಿಯ ಗಂಟು ಬಿಚ್ಚುತ್ತಿದ್ದ ನನಗೆ ಸುಮ್ಮನಿರು ಎಂದು ಕೈ ಸನ್ನೆ ಮಾಡಿದರು.

ನಾನೂ ಕೇಳಿದೆ. ಬೊಗಸೆ ನೀರು ಮರದ ಮೇಲೆ ಬಿದ್ದ ಸದ್ದು. ಸ್ವಲ್ಪ ಬಿಡುವು. ಮತ್ತೆ ಅದೇ. ಅವಸರವಿಲ್ಲ, ನಿಲ್ಲುವುದೂ ಇಲ್ಲ. ದನಗಳಿಗೆ ನೀರಿನ ತೊಟ್ಟಿ ಇರಬೇಕು ಎಂದರು ನಮ್ಮವರು. ಹೋಗಿ ನೋಡಿ ಬಂದರು. ತೊಟ್ಟಿ ಇರಲಿಲ್ಲ. ಊಟ ಅರ್ಧಕ್ಕೇ ಮುಗಿಸಿ ಜೀಪು ಹತ್ತಿದೆವು. ಹತ್ತುವಾಗ ತಾತ ಡಬ್ಬವನ್ನು ನನ್ನ ಕೈಗೆ ಕೊಡಲಿಲ್ಲ. ಒಂದೇ ಕೈಯಲ್ಲಿ ಹಿಡಿದು ಕಷ್ಟಪಟ್ಟು ಹತ್ತಿದರು.

ಅಲ್ಲಿಂದ ಮುಂದೆ ಸಂತೆಯ ದಿನ ಬಂದರೆ ತಾತ ರಾಂಪುರದ ಬಸ್ಸು ಹತ್ತುತ್ತಿದ್ದರು. ಅವನ ನಿಜ ಹೆಸರು ತಾತನಿಗೂ ಗೊತ್ತಿರಲಿಲ್ಲ. ಸಮುದ್ರಕ್ಕೆ ಹೋದವನ ಮನೆ ಯಾವುದು ಎಂದು ಕೇಳಿದರೆ ಅಲ್ಲಿಯವರು ನಗುವರಂತೆ. ನಮ್ಮೂರ ಕೆರೆಗೇ ನೀರಿಲ್ಲ ತಾತ, ಸಮುದ್ರಕ್ಕೆ ಯಾವನು ಹೋಗ್ತಾನೆ ಎಂದು. ಎರಡು ವರ್ಷ ಹಾಗೆ ತಿರುಗಿದರು. ಆಮೇಲೆ ಒಂದು ದಿನ ಬಂದು, ಒಬ್ಬ ಹೆಂಗಸನ್ನು ನೋಡಿದೆ, ನೀನು ಬಾ ಎಂದರು. ಗಂಡಸು ಹೋಗಿ ಪರಮನೆಯ ಹೆಂಗಸಿನ ಹತ್ತಿರ ಗಂಡನ ವಿಷಯ ಕೇಳುವುದು ಹೇಗೆ? ನನಗೂ ತಂಗಿಯ ಮದುವೆಗೆ ಮೊಳಕಾಲ್ಮುರು ಸೀರೆ ತರುವುದಿತ್ತು. ತಾತನ ತಮ್ಮನ ಮಗನ ಮಗ್ಗದಲ್ಲಿ ಸೀರೆ ಆರಿಸಿಕೊಂಡು, ಅದನ್ನು ತಾತನಿಂದ ಊದಿಸಿ ಪಾಸು ಮಾಡಿಸಿಕೊಂಡು, ಅಲ್ಲಿಂದ ರಾಂಪುರಕ್ಕೆ ಹೋದೆವು.

ಸಂತೆಯ ಕೊನೆಯಲ್ಲಿ ಆಕೆ ಹುಣಸೆಹಣ್ಣಿನ ಗುಡ್ಡೆ ಹಾಕಿಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈ ತುಂಬ ಹಸಿರು ಬಳೆ. ಕೂತಿದ್ದ ಕೌದಿಯನ್ನು ತಾತ ನನಗೆ ಕಣ್ಣಲ್ಲೇ ತೋರಿಸಿದರು. ಅಂಚಿನಲ್ಲಿ ಮೂರು ಉದ್ದ, ಒಂದು ಗಿಡ್ಡ, ಮತ್ತೆ ಮೂರು ಉದ್ದ ಹೊಲಿಗೆ. ರಾಂಪುರದವನು ಹಡಗಿಗೆ ತಂದಿದ್ದ ಕೌದಿಯಲ್ಲೂ ಅದೇ ಇತ್ತಂತೆ. ಅದರಲ್ಲೇ ಅವನನ್ನು ಸುತ್ತಿ ನೀರಿಗೆ ಬಿಟ್ಟದ್ದು. ಒಬ್ಬರ ಹೊಲಿಗೆ ಇನ್ನೊಬ್ಬರಿಗೆ ಬರುವುದಿಲ್ಲ ಎಂಬುದನ್ನು ತಾತನ ಹತ್ತಿರ ಕಲಿತ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನಾನು ಹುಣಸೆಹಣ್ಣು ಆರಿಸುತ್ತಾ, ಒಬ್ಬರೇ ಇದ್ದೀರಲ್ಲ, ಯಜಮಾನರು ಎಲ್ಲಿ ಎಂದು ಕೇಳಿದೆ.

"ಬಳ್ಳಾರಿ ಮಿಲ್ಲಿಗೆ ಹೋಗವ್ರೆ. ಪಾಳಿ ಮುಗಿದ ಮ್ಯಾಲೆ ಬರ್ತಾರೆ."

ಬೆಳಿಗ್ಗೆ ತಾನೇ ಬುತ್ತಿ ಕಟ್ಟಿ ಕಳಿಸಿದವರ ಧ್ವನಿ. ಹೆಸರೇನು ಎಂದು ಕೇಳಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ಹೊಸ ಮದುಮಗಳ ಹಾಗೆ ನಕ್ಕರು. ಗಂಡನ ಹೆಸರು ಬಾಯಲ್ಲಿ ಹೇಗೆ ಹೇಳುತ್ತಾರೆ? ನಾನು ತಿರುಗಿ ತಾತನನ್ನು ನೋಡಿದೆ. ಈಗ ಹೇಳಬೇಕಾದವರು ಅವರು. ಅವರ ಬಾಯಿ ತೆರೆಯಿತು. ಕಣ್ಣು ಆ ಬಳೆಗಳ ಮೇಲಿತ್ತು. ಕೊನೆಗೆ, ಹಣ್ಣು ಚೆನ್ನಾಗೈತವ್ವ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಹೇಳಿಬಿಡಬಹುದಿತ್ತಲ್ಲ ತಾತ, ಆಕೆಗೂ ಒಂದು ಮುಕ್ತಿ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಸುಳ್ಳು ಹೇಳಿದ್ದರೆ ನಾನು ಸರಿ ಮಾಡ್ತಿದ್ದೆ. ಆಯಮ್ಮ ಖರೆ ಹೇಳ್ತಾಳೆ. ಪಾಳಿ ಮುಗಿದ್ರೆ ಬರ್ತಾನೆ. ನಾನು ಹೋಗಿ ಈಸ್ಕೊಬೇಕು, ಅಷ್ಟೇ."

ಹೋಗುವುದು ಎಲ್ಲಿಗೆ? ಅದರ ಹಿಂದಿನ ಬೇಸಿಗೆಯಲ್ಲಿ ತವರಿಗೆ ಹೋದಾಗ ನಾನು ಅಳಿವೆಯ ಆಚೆ ದಂಡೆಗೆ ಹೋಗಿ ನೋಡಿಬಂದಿದ್ದೆ. ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಕೆಲವು ಪಕ್ಕೆಲುಬುಗಳು ಮೇಲೆ ಕಾಣುತ್ತಿದ್ದವು, ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ. ಹಡಗೇ ಇಲ್ಲ ತಾತ ಎಂದು ಆಗಲೇ ಹೇಳಿದ್ದೆ. ಹಡಗು ಹೋದ್ರೆ ನೀರು ಬರೋದು ನಿಲ್ತೈತಾ ಎಂದು ಅವರು ಕೇಳಿದ್ದರು.

ತಾತ ತೀರಿಕೊಳ್ಳುವ ಹಿಂದಿನ ದಿನ ಮಧ್ಯಾಹ್ನ ನಮ್ಮ ಮನೆಗೆ ಬಂದಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ಮೊಳೆಯ ಹತ್ತಿರ ತಮ್ಮದೊಂದು ದಬ್ಬಳ ಇದೆ, ಅದನ್ನು ನೀನು ಇಟ್ಟುಕೋ, ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚು ಎಂದರು. ಯಾಕೆ ಎಂದೆ. ಇನ್ನು ಟಾರ್ಪಾಲು ಹೊಲಿಯಲು ಕಣ್ಣು ಕಾಣುವುದಿಲ್ಲ ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, ನಾಳೆ ನೀರು ಬಂದ್ರೆ ಮೊದಲನೇದು ನೀನೇ ಹಿಡ್ಕೊ ಅಮ್ಮಾಯಿ, ನಿನ್ನೆ ಮೊನ್ನೆಯಿಂದ ಭಾಳ ನಿದ್ದೆ ಮಾಡೀನಿ, ಇನ್ನು ಸಾಕು ಎಂದರು. ಮುದುಕರ ಮಾತು ಎಂದು ನಾನು ಅದನ್ನು ಎರಡನೇ ಸಲ ಯೋಚಿಸಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಗೋಡೆ ಸುಮ್ಮನಿದ್ದಾಗ, ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಹೋದೆ. ತಾತ ಹಲಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿರಲಿಲ್ಲ. ಬಲಗೈ ಅಂಗೈ ಮೇಲಾಗಿ ಮುಂದೆ ಚಾಚಿಕೊಂಡು ತೊಡೆಯ ಮೇಲಿತ್ತು, ಏನನ್ನೋ ಈಸಿಕೊಳ್ಳುವವರ ಹಾಗೆ. ಕರೆದೆ. ಮುಟ್ಟಿದೆ. ತಣ್ಣಗಿದ್ದರು.

ನಾನು ಮೊದಲು ನೋಡಿದ್ದು ಮೊಳೆಯನ್ನು. ಡಬ್ಬ ಇರಲಿಲ್ಲ. ಒಳಗೆ ಒಂದೇ ಕೋಣೆ, ಮಂಚದ ಕೆಳಗೆ, ಒಲೆಯ ಹಿಂದೆ ಎಲ್ಲ ಹುಡುಕಿದೆ. ಇರಲಿಲ್ಲ. ಆಮೇಲೆ ಗಮನಿಸಿದೆ, ಅವರು ಕೂತಿದ್ದ ಹಲಗೆ ಒದ್ದೆಯಾಗಿತ್ತು. ಐದು ದಿನದಿಂದ ನೀರು ಬಾರದ ಮನೆ. ಬೆರಳಲ್ಲಿ ಒರೆಸಿ ನೋಡಿದೆ. ಬೆರಳು ಆರಿದ ಮೇಲೆ ತುದಿಯಲ್ಲಿ ಬೆಳ್ಳನೆಯ ಉಪ್ಪಿನ ಪುಡಿ ಉಳಿಯಿತು.

ಮೊಳಕಾಲ್ಮುರಿನಿಂದ ತಮ್ಮನ ಮಗ ಬಂದ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಗಿರಣಿಯ ಮುಂದಿನ ಲಾರಿಯವರು ಒಂದು ಹಳೆಯ ಟಾರ್ಪಾಲು ತಂದು ಹೊದಿಸಿದ್ದರು. ಹೊಲಿಗೆ ಅವರದೇ, ನೋಡಿದ ಕೂಡಲೇ ಗೊತ್ತಾಯಿತು. ಹಲಗೆಯನ್ನು ಸೌದೆಗೆ ಹಾಕೋಣವೇ ಎಂದು ಯಾರೋ ಕೇಳಿದರು. ಬೇಡವೆಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆನಂತೆ. ಡಬ್ಬದ ವಿಷಯ ಯಾರೂ ಕೇಳಲಿಲ್ಲ. ತಗಡಿನ ಡಬ್ಬ, ಯಾರೋ ಒಯ್ದಿರುತ್ತಾರೆ ಎಂದುಕೊಂಡಿರಬೇಕು.

ಸಂಜೆ ಎಲ್ಲರೂ ಹೋದ ಮೇಲೆ ಅವರ ಬಾಗಿಲ ಮುಂದೆ ಗುಡಿಸಿ ನೀರು ಹಾಕಿದೆ. ಒಂದು ಚೊಂಬು ನೀರನ್ನು ಹಲಗೆಗೂ ಹಾಕಿದೆ. ಹಲಗೆ ಆ ನೀರನ್ನು ಕುಡಿಯಲಿಲ್ಲ. ಹಾಗೇ ಜಾರಿ ನೆಲಕ್ಕೆ ಹೋಯಿತು. ಎದುರು ಜಗಲಿಯಲ್ಲಿ ಓಬಕ್ಕ ಮೊರ ಹಿಡಿದು ಶೇಂಗಾ ಕೇರುತ್ತಿದ್ದಳು. ಸಾವಿನ ಮನೆಗೆ ಬಂದವರು ಯಾರು, ಬಾರದವರು ಯಾರು, ತಮ್ಮನ ಮಗ ಒಂದು ಹನಿಯೂ ಕಣ್ಣೀರು ಹಾಕಲಿಲ್ಲ ಎಂದೆಲ್ಲ ಹೇಳುತ್ತಿದ್ದಳು. ನಾನು ಪೊರಕೆ ಮೂಲೆಗಿಟ್ಟು ಕೈ ತೊಳೆಯುತ್ತಿದ್ದೆ. ಕೇರುವುದನ್ನು ನಿಲ್ಲಿಸದೆಯೇ ಅವಳು ಹೇಳಿದಳು:

"ನೀವೆಲ್ಲ ಮಣ್ಣಿಗೆ ಹೋಗಿದ್ದಾಗ ಒಬ್ಬ ಬಂದಿದ್ದ ಕಣ್ರಿ ಮಂಗ್ಳೂರಮ್ಮ, ರಾಂಪುರದ ಬಸ್ಸು ಎಲ್ಲಿ ನಿಲ್ತೈತೆ ಅಂತ ಕೇಳ್ಕೊಂಡು. ಯಾವ ಗಿರಣಿಯವನೋ ಏನೋ, ಮೈಯೆಲ್ಲ ಎಣ್ಣೆ ವಾಸ್ನೆ. ಕೈ ನೋಡ್ಬೇಕಿತ್ತು ನೀವು, ನೀರಾಗೆ ನೆಂದು ನೆಂದು ಬೆಳ್ಳಗೆ ಸುಕ್ಕಾಗಿದ್ವು. ಕೂತ್ಕಳಪ್ಪ ಒಂದೀಟು, ಚಾ ಕುಡ್ದು ಹೋಗು ಅಂದೆ. ಬ್ಯಾಡವ್ವ, ಈಗ ಪಾಳಿ ಮುಗೀತು, ಮನ್ಯಾಗೆ ಕಾಯ್ತಿರ್ತಾಳೆ ಅಂತ ಹೊಂಟೇ ಬಿಟ್ಟ."